ಹನ್ನೆರಡು ವೋಲ್ಟಿನ ಗಾಳಿ

ಕುಟ್ಠಾಳಿಯ ಮದುವೆ ಹಾಲಿನಲ್ಲಿ
ಹುಡುಗಿಯ ಸೋದರಮಾವ ಗ್ಲಾಸು ಎತ್ತಿ ಮಾತಿಗೆ ನಿಂತಾಗ
ಇನ್ನೂರು ಮಂದಿ ಒಮ್ಮೆಗೇ ಸುಮ್ಮನಾದರು.
ಸುಮ್ಮನಾಗದ್ದು ನನ್ನ ಆಂಪ್ಲಿಫೈಯರ್ ಒಂದೇ.
ಕಿರ್ರ್, ಕಟಕಟ, ಕಿರ್ರ್.
ಮಾವ ತಿರುಗಿ ನೋಡಿದ,
ಮದುಮಗಳು ನೋಡಿದಳು,
ಡ್ರಮ್ಸಿನ ಸೆಬಿ ತನ್ನ ಬೂಟು ನೋಡಿಕೊಂಡ.
ನಾನು ತಂತಿಗಳ ಮೇಲೆ ಅಂಗೈ ಇಟ್ಟೆ,
ಸದ್ದು ಅಲ್ಲಿಂದ ಬರುತ್ತಿದೆ ಎಂಬಂತೆ.

ಒಂಬತ್ತು ಸಾವಿರಕ್ಕೆ ಕೊಂಡದ್ದು, ಕುಡ್ತರಿಯ ರೊಮಾಲ್ದನಿಂದ.
ಗೆಣ್ಣು ಹಿಡಿದುಕೊಂಡು ಬೇಸ್ ನುಡಿಸುವುದು ಬಿಟ್ಟಿದ್ದ.
ರಿಕ್ಷಾಕ್ಕೆ ಏರಿಸುವಾಗ ಬೆನ್ನು ತಟ್ಟಿ, ನನ್ನದಲ್ಲ, ಅದರ ಬೆನ್ನು,
'ಮಾತ್ಸೊ ಉಲಯ್ತಾ' ಅಂದಿದ್ದ.
ಸ್ವಲ್ಪ ಮಾತಾಡುತ್ತದೆ ಅಂತ.
ಐನೂರು ಇಳಿಸಿದ ಖುಷಿಯಲ್ಲಿ
ಕೊಂಕಣಿ ನನಗೆ ಅಷ್ಟು ಬಾರದಂತೆ ನಕ್ಕಿದ್ದೆ.

ಭಾನುವಾರ, ಮಾಂಗೋರ್ ಗುಡ್ಡದ ನಮ್ಮ ಒಂದೇ ಕೋಣೆ.
ಪ್ಲಗ್ ಕಿತ್ತು, ಚಹಾ ಕುಡಿದು, ಮತ್ತೂ ಅರ್ಧ ಗಂಟೆ ಕಾದೆ.
ಒಳಗಿನ ಕೆಪಾಸಿಟರುಗಳು
ಕರೆಂಟು ಹೋದ ಮೇಲೂ ಸಿಟ್ಟು ಹಿಡಿದಿಟ್ಟುಕೊಳ್ಳುತ್ತವೆ
ನಮ್ಮ ದೊಡ್ಡಪ್ಪನ ಹಾಗೆ.
ಹದಿನಾಲ್ಕು ಸ್ಕ್ರೂ. ಹದಿಮೂರು ಮಾತು ಕೇಳಿದವು.
ಕೊನೆಯದರ ತಲೆ ಸವೆದು ಬಟ್ಟಲಾಗಿತ್ತು.
ಒಳಗೆ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ,
ಯಾವ ಮದುವೆಯದೋ ಬೆಳ್ಳಿ ಕಾಗದದ ಚೂರು,
ಒಂದು ನೀಲಿ ಪಿಕ್ಕು.
(ಜೀವಮಾನವೆಲ್ಲ ಬರೀ ಬೆರಳಲ್ಲೇ ನುಡಿಸಿದೆ
ಎಂದಿದ್ದನಲ್ಲ ರೊಮಾಲ್ದ!)
ಫ್ಯಾನು ಅಂಗೈಯಗಲ, ಏಳು ರೆಕ್ಕೆ,
ರೆಕ್ಕೆಯಂಚಿಗೆ ಬಂದರಿನ ಕಲ್ಲಿದ್ದಲ ಪುಡಿ
ಕಡಲ ತೇವ ಕುಡಿದು ಕಾಡಿಗೆಯಾಗಿ ಕೂತಿತ್ತು.
ಅಪ್ಪ ಅಂಗಿ ಕೊಡವಿದಾಗ ಉದುರುತ್ತಿದ್ದ ಬಣ್ಣವೇ.

ಗೋಡೆಯಾಚೆ ನೀಲವ್ವ, ಶಾಲೆ ಯೂನಿಫಾರ್ಮ್ ಹೊಲಿಯುವವಳು,
ಉದ್ದ ಮೂಗಿನ ಎಣ್ಣೆ ಡಬ್ಬಿ ಹಿಡಿದು ಬಂದಳು, ಕರೆಯದೆಯೇ.
ರೆಕ್ಕೆಯನ್ನು ಕಿರುಬೆರಳಲ್ಲಿ ತಿರುವಿ ಕಿವಿಗೊಟ್ಟಳು:
'ಎಣ್ಣಿ ಕೇಳೂದಲ್ಲ ಇದು. ಬುಶ್ ತಿಂದ್ಹೋಗೇತಿ.
ಬಿಟ್ಟರ ನಾಕ ದಿನ ಸುಮ್ಮಿರತೈತಿ,
ಆಮ್ಯಾಲ ಮೊದಲಿಗಿಂತ ಜೋರ ಅಳತೈತಿ.'
ಆದರೂ ಚೀಟಿ ಎಬ್ಬಿಸಿ ಒಂದು ಹನಿ ಬಿಟ್ಟಳು,
ಬಂದ ಡಬ್ಬಿಯ ಮರ್ಯಾದೆಗೆ.

ನಾಲ್ಕಲ್ಲ, ಎರಡೇ ದಿನ.

ಮಡಗಾಂವ್ ಮಾರ್ಕೆಟ್ಟಿನ ಹಿಂದೆ, ಮಿಕ್ಸರ್ ಜಾರುಗಳ ನಡುವೆ,
ಅಂಗಡಿಯವನು ಹೊಸದನ್ನು ಮುಖದೆದುರು ಹಿಡಿದು
ಊದಿದ. ಅದು ತಿರುಗಿತು, ತಿರುಗುತ್ತಲೇ ಇತ್ತು,
ಅವನು ಇನ್ನೊಬ್ಬ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುವ ತನಕ.
'ಉಸಿರಿಗೆ ತಿರುಗಿದರೆ ಸಾಕು,
ಉಳಿದದ್ದು ಕರೆಂಟು ನೋಡಿಕೊಳ್ಳುತ್ತೆ.'
ಇನ್ನೂರೆಂಬತ್ತು ಕೊಟ್ಟೆ. ಚೌಕಾಸಿ ಮಾಡಲಿಲ್ಲ.

ಕೆಂಪಿಗೆ ಕೆಂಪು, ಕರಿಗೆ ಕರಿ, ಬೆಸುಗೆ ಹೊಗೆ ಕಣ್ಣಿಗೆ.
ಮುಚ್ಚಿ, ಬಿಗಿದು, ಹಚ್ಚಿದರೆ
ಬಿಸಿಗಾಳಿಯನ್ನೆಲ್ಲ ತನ್ನ ಹೊಟ್ಟೆಗೇ ಊದಿಕೊಳ್ಳುತ್ತಿದೆ.
ಮಗ್ಗುಲಲ್ಲಿ ಬಾಣದ ಗುರುತಿತ್ತಂತೆ,
ಇರುವೆಗೆ ದಾರಿ ತೋರಿಸುವಷ್ಟು.
ಮತ್ತೆ ಹದಿಮೂರೂ ಬಿಚ್ಚಿ, ತಿರುಗಿಸಿ, ಹದಿಮೂರೂ ಬಿಗಿದೆ.
ನೀಲವ್ವ ಕೊಟ್ಟ ಬಿಳಿ ದಾರದ ತುಂಡನ್ನು
ಜಾಲರಿಗೆ ಹಿಡಿದರೆ
ಅದು ನನ್ನ ಕಡೆಗೆ ಮೆಲ್ಲಗೆ ಎದ್ದು ನಿಂತಿತು.
ಸದ್ದಿಲ್ಲ.

ಬೇಸ್ ಎತ್ತಿಕೊಂಡೆ.
ಮೊದಲ ಗೆರೆಯಲ್ಲೇ ಕೇಳಿಸಿತು:
ಮೂರನೇ ಬೆರಳು ಕೂದಲೆಳೆ ತಡವಾಗಿ ಏಳುತ್ತದೆ,
ಐದನೇ ಮನೆಯಲ್ಲಿ ತಂತಿ ಗೊಣಗುತ್ತದೆ,
ಕಾಲು ತಾಳಕ್ಕಿಂತ ಮುಂದೆ ಓಡಿ ಬಾಗಿಲಲ್ಲಿ ನಿಂತು ಕಾಯುತ್ತದೆ.
ಆರು ತಿಂಗಳು ಇದೆಲ್ಲ ಎಲ್ಲಿತ್ತು?
ಬೈಗುಳವೆಲ್ಲ ಆ ಹಳೆಯ ಫ್ಯಾನು
ನನ್ನ ಪಾಲಿನದನ್ನೂ ಸೇರಿಸಿ ತಿಂದಿತ್ತು.

ಗೋಡೆಯಾಚೆ ಹೊಲಿಗೆ ನಿಂತಿತು.
'ಆತೇನು?'
'ಆತು.'
'ಹಂಗಾರ ಇನ್ನ ನೀ ಬಾರಿಸೂದು ಕೇಳತೈತಿ.'

ಹೊಗಳಿದಳೋ, ಬೆದರಿಸಿದಳೋ.
ಅವಳ ಮಿಷನ್ನು ಮತ್ತೆ ಶುರುವಾಯಿತು, ಎಂದಿನ ಸಮ ನಡಿಗೆಯಲ್ಲಿ.
ವಾಲ್ಯೂಮ್ ಎರಡಕ್ಕೆ ಇಳಿಸಿ, ಅದಕ್ಕೇ ತಾಳ ಹೊಂದಿಸಿ,
ಮೂರನೇ ಬೆರಳಿನಿಂದ ಶುರುಮಾಡಿದೆ.